ಫುಟ್‌ಬಾಲ್ ಹುಡುಗರು ಮತ್ತು ನನ್ನ ಸೋಮವಾರ

ನಾನೂ ನಮ್ಮ ಮನೆಯವರೂ ದಿನಾಲು ಎದುರುಬದುರು ಕೂತು ಬೆಳಗಿನ ಚಹಾ ಕುಡಿಯಲು ಶುರು ಮಾಡಿದ್ದು ಇಬ್ಬರಿಗೂ ನಿವೃತ್ತಿಯಾದ ಮೇಲೆ. ಹೇಳಿದರೆ ಜನ ನಗುತ್ತಾರೆ. ನಾನು ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಂದು ಗಾಣದಂತೆ ತಿರುಗಿದವಳು. ಅವರು ಆಳಂದದ ಒಂದು ಸಣ್ಣ ಕಾಲೇಜಿನಲ್ಲಿ ದೈಹಿಕ ಶಿಕ್ಷಕರು. ಬೆಳಕು ಹರಿಯುವ ಮುಂಚೆ ಮೈದಾನದಲ್ಲಿರುತ್ತಿದ್ದರು. ನಾನು ರಾತ್ರಿ ಪಾಳಿ ಮುಗಿಸಿ ಬಂದಾಗ ಮನೆಯ ಕೀಲಿ ಪಕ್ಕದ ಮನೆಯಲ್ಲಿರುತ್ತಿತ್ತು. ಅವರು ಸಂಜೆ ಬಂದಾಗ ನಾನು ಸೀರೆಗೆ ಪಿನ್ನು ಹಾಕಿಕೊಂಡು ಹೊರಟಿರುತ್ತಿದ್ದೆ.

"ಹಾಲು ಕಾಸಿಟ್ಟೇನಿ. ಸಣ್ಣಾಕಿಗಿ ಔಷಧ ಕೊಡೂದದ. ನೀರು ಬಂದ್ರ ಡ್ರಮ್ ತುಂಬಸ್ರಿ."

"ಆತು."

ಪಾಳಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬಳಿಗೆ ವಾರ್ಡಿನ ಚಾರ್ಜ್ ಕೊಡುತ್ತಾಳಲ್ಲ, ನಮ್ಮ ಸಂಸಾರ ಹಾಗೆ ನಡೆಯಿತು. ಇಬ್ಬರು ಹೆಣ್ಣುಮಕ್ಕಳು ಆ ಚಾರ್ಜಿನಲ್ಲೇ ಬೆಳೆದು, ಓದಿ, ಗಂಡನ ಮನೆಗೆ ಹೋದರು. ಅದರ ಬಗ್ಗೆ ನನಗೆ ದೂರಿಲ್ಲ. ಶಿಸ್ತಿನಲ್ಲಿ ನಡೆದದ್ದು ಕೆಡುವುದಿಲ್ಲ ಎಂದು ನರ್ಸಿಂಗ್ ಶಾಲೆಯಲ್ಲಿ ಕಲಿತವಳು ನಾನು. ಹಾಸಿಗೆಯ ಚಾದರದ ಮೂಲೆ ಇವತ್ತಿಗೂ ಅಲ್ಲಿ ಕಲಿಸಿದಂತೆಯೇ ಮಡಚುತ್ತೇನೆ.

ಅವರು ನನಗಿಂತ ಮೊದಲು ನಿವೃತ್ತರಾದರು, ನಾನು ಕಳೆದ ಬೇಸಿಗೆಯಲ್ಲಿ. ಆ ಬೇಸಿಗೆ ನನ್ನ ಆಯುಷ್ಯದಲ್ಲೇ ಒಳ್ಳೆಯ ಬೇಸಿಗೆ. ಬೆಳಿಗ್ಗೆ ಎದ್ದು ಅಂಗಳ ಗುಡಿಸುವುದು, ಇಬ್ಬರೂ ರಸ್ತೆಯ ಕೊನೆಯವರೆಗೆ ನಡೆದು ಬರುವುದು, ನಂತರ ಚಹಾ, ಆಮೇಲೆ ಚುರುಮುರಿಯ ಸುಸಲಾ ಅಥವಾ ಬಿಸಿ ರೊಟ್ಟಿ, ಜೊತೆಗೆ ನಮ್ಮ ಕಡೆಯ ಚಟ್ನಿಪುಡಿ ಶೇಂಗಾ ಹಿಂಡಿ. ಅವರು ತಿನ್ನುತ್ತ ಪೇಪರ್ ಓದುತ್ತಿದ್ದರು. ನಾನು ಅವರು ತಿನ್ನುವುದನ್ನು ನೋಡುತ್ತಿದ್ದೆ. ರೊಟ್ಟಿಯ ಅಂಚನ್ನು ಮೊದಲು ಮುರಿದು ತಿನ್ನುತ್ತಾರೆ, ನಡುವಿನ ಮೆತ್ತಗಿನದನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಇಷ್ಟು ವರ್ಷ ರೊಟ್ಟಿ ಬಡಿದವಳಿಗೆ ಇದು ಗೊತ್ತಿರಲಿಲ್ಲ.

ಮಳೆಗಾಲ ಹಿಡಿಯಿತು. ತೊಗರಿ ಮೊಣಕಾಲೆತ್ತರ ಬಂದಿತ್ತು. ಒಂದು ಸಂಜೆ ಕಾಲೇಜಿನ ಪ್ರಿನ್ಸಿಪಾಲರು ಮನೆಗೆ ಬಂದರು. ಹೊಸ ದೈಹಿಕ ಶಿಕ್ಷಕರು ಇನ್ನೂ ಬಂದಿಲ್ಲ, ನಮ್ಮ ಕಡೆಯ ಕಾಲೇಜುಗಳ ಫುಟ್‌ಬಾಲ್ ಪಂದ್ಯಗಳು ಶುರುವಾಗಲಿವೆ, ಹುಡುಗರನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಎಂದರು.

"ನಾಕ ದಿನದ ಮಾತರಿ ಸರ. ನೀವು ನಿಂತ್ರ ಸಾಕು."

ನಮ್ಮವರು ನನ್ನ ಕಡೆ ನೋಡಲಿಲ್ಲ. ಅಲ್ಲಿಯೇ ನನಗೆ ತಿಳಿಯಿತು. ಒಲ್ಲೆ ಅನ್ನುವ ಮನುಷ್ಯ ಮೊದಲು ಹೆಂಡತಿಯ ಕಡೆ ನೋಡುತ್ತಾನೆ, ಅವಳ ಮೇಲೆ ಹಾಕಿ ತಪ್ಪಿಸಿಕೊಳ್ಳಲಿಕ್ಕೆ. ಇವರು ಪ್ರಿನ್ಸಿಪಾಲರ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದರು.

ಪ್ರಿನ್ಸಿಪಾಲರು ಹೋದ ಮೇಲೆ ನಾನು ಕರಾರು ಮಾಡಿಕೊಂಡೆ. "ಆರು ದಿನ ನಿಮ್ಮ ಹುಡುಗರಿಗಿ. ಸೋಮವಾರ ನನಗ. ಸೋಮವಾರ ಮುಂಜಾನಿ ನೀವು ಗ್ರೌಂಡಿಗಿ ಕಾಲಿಡಬಾರದು."

"ಸೋಮವಾರ ನಾ ಯಾವಾಗ ಇಟ್ಟೇನಿ," ಎಂದರು.

ಅದೂ ನಿಜವೇ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಬೀಳಬಾರದು. ನನ್ನ ಮಾವನವರು ಬಿತ್ತನೆಯ ಹದ ತಪ್ಪಿಹೋಗುತ್ತಿದ್ದರೂ ಸೋಮವಾರ ಕೂರಿಗೆ ಮುಟ್ಟಿದವರಲ್ಲ. ಆ ಮನೆಯಲ್ಲಿ ಬೆಳೆದ ಇವರು ಕಾಲೇಜಿಗೆ ಸೇರಿದ ದಿನದಿಂದ ತಮ್ಮ ಹುಡುಗರಿಗೂ ಸೋಮವಾರ ಸೂಟಿ ಕೊಟ್ಟರು. ಒಬ್ಬ ಹುಡುಗ ಕೇಳಿದನಂತೆ, "ಸರ, ನಾವೇನ್ ಎತ್ತೇನ್ರಿ?" ಅಂತ. "ಎತ್ತಾಗಿದ್ರ ಛಲೋ ಇತ್ತಲೇ. ಹೇಳಿದ ಕಡಿ ತಿರುಗತಿದ್ರಿ," ಎಂದರಂತೆ.

ಆದರೆ ಆ ಸೋಮವಾರಗಳು ನನಗೆ ಎಂದೂ ದಕ್ಕಿರಲಿಲ್ಲ. ಭಾನುವಾರ ತಡೆದುಕೊಂಡ ಹಳ್ಳಿಯ ಕಾಯಿಲೆಯೆಲ್ಲ ಸೋಮವಾರ ಆಸ್ಪತ್ರೆಗೆ ಬರುತ್ತದೆ. ಅವತ್ತು ನರ್ಸಿಗೆ ಉಗುಳು ನುಂಗಲೂ ಪುರಸೊತ್ತಿಲ್ಲ. ಅವರು ಮನೆಯಲ್ಲಿ ಕಾಲು ಚಾಚಿ ಕೂತ ದಿನವೆಲ್ಲ ನಾನು ಇಂಜೆಕ್ಷನ್ ರೂಮಿನಲ್ಲಿ ನಿಂತಿದ್ದೆ. ಈಗ ಆ ದಿನ ನನ್ನದಾಗಬೇಕೆಂದು ಕೇಳುವ ಹಕ್ಕು ನನಗಿತ್ತು.

ಮಂಗಳವಾರದಿಂದ ಅವರು ಹೋದರು. ಸೀಟಿ ಕೊರಳಿಗೆ ಬಿತ್ತು. ಬೆಳಗಿನ ನಡಿಗೆ ನಿಂತಿತು. ಚಹಾ ನಿಂತೇ ಕುಡಿದರು. ತಿರುಗಿ ಬರುವಾಗ ನನ್ನ ರೊಟ್ಟಿ ಆರಿ ಹಪ್ಪಳವಾಗಿರುತ್ತಿತ್ತು.

ಆರಿದ ರೊಟ್ಟಿಯನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಮಾತು. ಮಾತೇ ಆಡದ ಮನುಷ್ಯ ಊಟಕ್ಕೆ ಕೂತರೆ ಈಗ ಬಾಯಿ ಮುಚ್ಚುತ್ತಿರಲಿಲ್ಲ. ತಾಟಿನಲ್ಲಿ ರೊಟ್ಟಿಯ ತುಣುಕುಗಳನ್ನು ಸಾಲಾಗಿ ಇಟ್ಟು, ನಡುವೆ ಹಿಂಡಿಯ ಗುಪ್ಪೆ ಮಾಡಿ, ಉಳ್ಳಾಗಡ್ಡಿಯ ಚೂರನ್ನು ಬೆರಳಿಂದ ಸರಿಸುತ್ತ ಹೇಳುತ್ತಿದ್ದರು. "ಇವ ಗೋಲಕೀಪರ್. ಅಂಗಳದಾಗ ಕೋಳಿ ಹಿಡದಂಗ ಚೆಂಡು ಹಿಡೀತಾನ. ಇವ ಕ್ಯಾಪ್ಟನ್, ತಲಿ ಅದ, ಕಾಲಾಗ ಜರಾ ಆಲಸ್ಯ. ಇವ ಎಡಗಡಿಯವ, ಕರಜಗಿ ಊರ ಹುಡುಗ. ಕಬ್ಬಿನ ಗದ್ದ್ಯಾಗ ಹಂದಿ ಬೆನ್ನ ಹತ್ತಿದಂಗ ಓಡ್ತಾನ ನೋಡು. ಆದ್ರ ಓಡಿದವ ತಿರುಗಿ ಬರೂದು ಮರೀತಾನ."

"ಹಿಂಡಿಗಿ ಉಪ್ಪು ಬರೋಬರಿ ಆಗ್ಯದೇನ್ರಿ?"

"ಆಂ? ಆಗ್ಯದ. ಮೊನ್ನಿ ಏನಾತಂದ್ರ..."

ಸವತಿ ಒಬ್ಬಳೇ ಆಗಿದ್ದರೆ ಜಡೆ ಹಿಡಿದು ಕೇಳಬಹುದಿತ್ತು. ಇಲ್ಲಿ ಹದಿನೆಂಟು ಮಂದಿ, ಒಬ್ಬನಿಗೂ ಜಡೆಯಿಲ್ಲ.

ಆ ಹುಡುಗರು ಕೆಟ್ಟವರಾಗಿದ್ದರೂ ಅನುಕೂಲವಿತ್ತು. ಒಳ್ಳೆಯವರು. ಬಾಗಿಲಲ್ಲಿ ಚಪ್ಪಲಿ ಸಾಲಾಗಿ ಬಿಡುತ್ತಿದ್ದರು. ಗೋಲ್‌ಕೀಪರ್ ಹುಡುಗನ ತಂದೆ ಬಸ್ ಸ್ಟ್ಯಾಂಡಿನ ಹತ್ತಿರ ಹಣ್ಣಿನ ಬಂಡಿ ಇಟ್ಟವರು. ಅವನು ಬಂದಾಗಲೆಲ್ಲ ಎರಡು ಬಾಳೆಹಣ್ಣು ತಂದು, ಚಿಕ್ಕಮ್ಮನನ್ನು ಕರೆದಂತೆ, "ಖಾಲಾ, ಅಬ್ಬಾ ಕೊಟ್ಟಾರ್ರಿ," ಎಂದು ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದ. ಕ್ಯಾಪ್ಟನ್ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯವನು, ಕೊರಳಲ್ಲಿ ಲಿಂಗದ ಕರಡಿಗೆ. ಅವನು ನನ್ನ ಶೇಂಗಾ ಹಿಂಡಿ ತಿಂದು, "ಅಮ್ಮಾರ, ನಮ್ಮವ್ವನ ಕೈದಾಗೂ ಇಷ್ಟ ರುಚಿ ಬರಂಗಿಲ್ರಿ," ಎಂದ. ನಮ್ಮವರು ಇಷ್ಟು ವರ್ಷದಲ್ಲಿ ಆಡದ ಮಾತು. ಸಂತೋಷವಾಗಬೇಕಿತ್ತು. ಬದಲಿಗೆ ನನಗೆ ಇನ್ನೂ ಸಿಟ್ಟು ಬಂತು.

ಮೊದಲ ಪಂದ್ಯ ಅಫಜಲಪುರದ ಕಾಲೇಜಿನವರ ಜೊತೆ, ನಮ್ಮ ಮೈದಾನದಲ್ಲೇ. ಬಾ ಎಂದು ಅವರು ಕರೆಯಲಿಲ್ಲ. ನಾನೇ ಛತ್ರಿ ಹಿಡಿದು ಹೋದೆ. ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಎರೆಮಣ್ಣು ಹಸಿಯಾದರೆ ಬೂಟಿಗೆ ಅಂಟಿಕೊಂಡು ಆನೆಯ ಪಾದ ಮಾಡುತ್ತದೆ. ಎರಡೂ ಕಡೆಯ ಹುಡುಗರು ಓಡುವುದು, ನಿಂತು ಕಾಲು ಝಾಡಿಸುವುದು, ಮತ್ತೆ ಓಡುವುದು. ನಾನು ಗೋಡೆಯ ಪಕ್ಕ ನಿಂತೆ.

ಆಟ ನೋಡಲಿಲ್ಲ. ಅವರನ್ನು ನೋಡಿದೆ. ಗೆರೆಯ ಉದ್ದಕ್ಕೂ ಪ್ಯಾಂಟು ಮಡಚಿಕೊಂಡು ಓಡುತ್ತಿದ್ದರು. ಕೂಗುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಬಾಯಿ ತುಂಬ, ತಲೆ ಹಿಂದೆ ಎಸೆದು ನಗುವುದು. ಆ ನಗೆ ನಮ್ಮ ಮನೆಯೊಳಗೆ ಬಂದದ್ದು ನನಗೆ ನೆನಪಿಲ್ಲ. ನಾನು ಪಾಳಿಯಿಂದ ಪಾಳಿಗೆ ಓಡುತ್ತಿದ್ದಾಗ ಇವರು ದಿನಾ ಬೆಳಿಗ್ಗೆ ಇಲ್ಲಿ ಈ ನಗೆಯನ್ನು ಖರ್ಚು ಮಾಡಿ, ಖಾಲಿಯಾಗಿ ಮನೆಗೆ ಬರುತ್ತಿದ್ದರು ಎಂದಾಯಿತು.

ಒಬ್ಬ ಹುಡುಗ ಕಾಲು ಉಳುಕಿಸಿಕೊಂಡು ಹೊರಗೆ ಬಂದ. ನಮ್ಮವರು ನೆಲದ ಮೇಲೆ ಕೂತು ಅವನ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದರು. ಉಳುಕಿದ ಕಾಲನ್ನು ತಿಕ್ಕಬಾರದು. ಎತ್ತರಕ್ಕೆ ಇಟ್ಟು ತಣ್ಣಗಿನ ಬಟ್ಟೆ ಕಟ್ಟಬೇಕು. ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ನನ್ನ ಎಡ ಮೊಣಕಾಲು ಬೇಸಿಗೆಯಿಂದ ನೋಯುತ್ತಿತ್ತು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದೆ. ಅದನ್ನು ಕೇಳದ ಮನುಷ್ಯ ಹುಡುಗನ ಕೆಸರುಗಾಲನ್ನು ಮಗುವಿನಂತೆ ಹಿಡಿದು ಕೂತಿದ್ದರು. ನಮ್ಮ ಹುಡುಗರು ಒಂದು ಗೋಲಿನಿಂದ ಗೆದ್ದರು. ಎಲ್ಲರೂ ಕೂಡಿ ನಮ್ಮವರನ್ನು ಎತ್ತಿಕೊಂಡರು. ನಾನು ಬಂದದ್ದೂ ಹೋದದ್ದೂ ಅವರಿಗೆ ಗೊತ್ತಾಗಲಿಲ್ಲ.

ಆ ವಾರ ಒಂದು ದಿನ ಅವರು ಚಹಾ ಕುಡಿದು ಕಪ್ ತೊಳೆದಿಟ್ಟರು. ನಮ್ಮವರು ಕಪ್ ತೊಳೆದರೆ ಹೊಟ್ಟೆಯಲ್ಲಿ ಏನೋ ಇದೆ ಎಂದರ್ಥ.

"ಜೇವರ್ಗಿಯವರ ಸಂಗಟ ಮ್ಯಾಚ್ ಅದ. ಅವರ ಊರಾಗ."

"ಯಾವಾಗ್ರಿ?"

"ಬರೂ ವಾರ."

"ವಾರಕ್ಕ ಏಳು ದಿನ ಇರ್ತಾವ."

ಸ್ವಲ್ಪ ಹೊತ್ತು ಟವೆಲ್ಲಿನಿಂದ ಕೈ ಒರೆಸಿಕೊಂಡರು. "ಸೋಮವಾರ ಇಟ್ಟಾರ."

ನಾನು ಜೋಳದ ಹಿಟ್ಟು ಸಾಣಿಸುವುದನ್ನು ನಿಲ್ಲಿಸಲಿಲ್ಲ.

"ನಾ ಬರಂಗಿಲ್ಲ ಅಂತ ಹುಡುಗರಿಗಿ ಹೇಳಿಬಿಟ್ಟೇನಿ," ಎಂದರು. "ಕಾಮರ್ಸ್ ಲೆಕ್ಚರರ್ ಕರಕೊಂಡು ಹೋಗ್ತಾರ."

ಕರಾರಿನ ಪ್ರಕಾರ ಅದು ಸರಿಯಾದ ಉತ್ತರ. ಆದರೆ ಆ ದನಿ. ಕಾಯಿಲೆಯವನು "ನೋವಿಲ್ಲ ಸಿಸ್ಟರ್" ಎನ್ನುವಾಗ ಬರುವ ದನಿ. ಆ ದನಿಯನ್ನು ನನ್ನ ಇಡೀ ನೌಕರಿಯಲ್ಲಿ ನಾನು ಒಮ್ಮೆಯೂ ನಂಬಿಲ್ಲ. ಬೇಡ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಹೋಗಿ ಅಂದರೆ ನನ್ನ ದಿನ ಹೋಗುತ್ತಿತ್ತು. ಇರಿ ಅಂದರೆ ಸೋಮವಾರ ಇಡೀ ಅವರು ಪೇಪರಿನ ಒಂದೇ ಪುಟ ಹಿಡಿದು ಕೂರುತ್ತಿದ್ದರು.

ಭಾನುವಾರ ಅವರು ಕಟಿಂಗ್ ಮಾಡಿಸಲು ಹೋದಾಗ ಕ್ಯಾಪ್ಟನ್ ಮತ್ತು ಗೋಲ್‌ಕೀಪರ್ ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು.

"ನೀ ಹೇಳಲೇ."

"ಕ್ಯಾಪ್ಟನ್ ಯಾರು, ನಾನೇನು?"

ಕೊನೆಗೆ ಕ್ಯಾಪ್ಟನ್ ಹೇಳಿದ. "ಅಮ್ಮಾರ, ಸರ ನಾಳಿಗಿ ಬರಂಗಿಲ್ಲ ಅಂದಾರ್ರಿ. ಸೋಮವಾರದ ಸಲುವಾಗಿ. ನಮ್ಮನಿಯಾಗೂ ಸೋಮವಾರ ಎತ್ತು ಹೂಡಂಗಿಲ್ರಿ, ನಾ ಅದಕ್ಕ ಅಡ್ಡ ಮಾತಾಡಂಗಿಲ್ಲ. ಆದ್ರ ಸರ ಇಲ್ಲಂದ್ರ ನಮಗ ಕೈಕಾಲು ಆಡಂಗಿಲ್ರಿ."

ನಮ್ಮವರು ನಿಜವಾದ ಕಾರಣ ಹೇಳಿರಲಿಲ್ಲ. ಹೆಂಡತಿಗೆ ಮಾತು ಕೊಟ್ಟೇನಿ ಅನ್ನಲಿಲ್ಲ, ಬಸವಣ್ಣನ ಮೇಲೆ ಹಾಕಿದ್ದರು. ಹುಡುಗರು ಅದನ್ನೇ ನಂಬಿ, ವ್ರತ ಬಿಡಿಸಲು ಬಂದಿದ್ದರು.

ಗೋಲ್‌ಕೀಪರ್ ಹಿಂದಿನಿಂದ ಮುಂದೆ ಬಂದ. "ಖಾಲಾ, ನಾ ಒಂದು ಕೇಳ್ಲೇನ್ರಿ? ಸೋಮವಾರ ಎತ್ತು ಹೂಡಬಾರದು ಖರೆ. ಆದ್ರ ಎತ್ತು ನಡಕೋತ ನೀರಿಗಿ ಹೋಗ್ತಾವಲ್ರಿ? ಹುಲ್ಲಿಗಿ ಹೋಗ್ತಾವಲ್ರಿ?"

"ಹೋಗ್ತಾವ."

"ಅಂದ್ರ ನೊಗಾ ಹಾಕಬಾರದು, ಅಷ್ಟ. ಸರ ಬರ್ಲಿ. ಸೀಟಿ ಮನ್ಯಾಗ ಇಟ್ಟು ಬರ್ಲಿ. ಏನೂ ಹೇಳೂದು ಬ್ಯಾಡ, ಸುಮ್ಮ ಕೂಡ್ಲಿ. ನಮಗ ಅವರ ಮಾರಿ ಕಂಡ್ರ ಸಾಕು."

ಕ್ಯಾಪ್ಟನ್ ಅವನ ಬೆನ್ನಿಗೆ ಗುದ್ದಿದ. "ಸರಗೆ ಎತ್ತು ಅಂದಿಯಲ್ಲೋ."

"ಉಪಮಾ ಕೊಟ್ಟೇನಿಲೇ."

ನಾನು ನಗಲಿಲ್ಲ. ಯೋಚಿಸಿದೆ. ಹುಡುಗನ ತರ್ಕದಲ್ಲಿ ತಪ್ಪಿರಲಿಲ್ಲ. ನನಗೂ ಅದರಲ್ಲಿ ಒಂದು ದಾರಿ ಕಂಡಿತು. "ಸರ ಬರ್ತಾರ," ಎಂದೆ. "ನಾನೂ ಬರ್ತೇನಿ."

ಇಬ್ಬರ ಮುಖವೂ ಸ್ವಲ್ಪ ಇಳಿಯಿತು. ಅದನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು.

ಸಂಜೆ ನಮ್ಮವರಿಗೆ ನಿಯಮ ಹೇಳಿದೆ. ಸೀಟಿ ಇಲ್ಲ. ಕೂಗಾಟ ಇಲ್ಲ. ಗೆರೆಯ ಹತ್ತಿರ ಹೋಗುವಂತಿಲ್ಲ. ಹುಡುಗರ ಜೊತೆ ಆಟದ ಮಾತು ಇಲ್ಲ. ನನ್ನ ಪಕ್ಕದಲ್ಲಿ ಕೂರುವುದು. ಸೋಮವಾರ ಸೋಮವಾರವೇ, ಜಾಗ ಮಾತ್ರ ಜೇವರ್ಗಿ.

"ಕೈದಿ ಕರಕೊಂಡು ಹೋದಂಗಾತಲ್ಲಬೇ ಇದು," ಎಂದರು. ಆದರೆ ಆಗಲೇ ಎದ್ದು ಅಂಗಿ ಇಸ್ತ್ರಿ ಮಾಡತೊಡಗಿದ್ದರು.

ಬೆಳಿಗ್ಗೆ ಕಲಬುರಗಿ ಬಸ್ಸು ಹತ್ತುವಾಗ ನಾನು ಕಂಬಿ ಹಿಡಿದು ಬಲಗಾಲಿಟ್ಟು, ಎಡಗಾಲನ್ನು ನಿಧಾನ ಎಳೆದುಕೊಂಡೆ. ಹಿಂದಿದ್ದ ಗೋಲ್‌ಕೀಪರ್ ನೋಡಿಬಿಟ್ಟ. "ಖಾಲಾ, ಮೊಣಕಾಲು ನೋಯ್ತದೇನ್ರಿ?"

ನಾನು ಉತ್ತರ ಕೊಡುವ ಮೊದಲು ಕೆಳಗಿನಿಂದ ನಮ್ಮವರು ಹೇಳಿದರು. "ಎಡಗಾಲು. ಬ್ಯಾಸಗಿಯಿಂದ ನೋಯ್ತದ. ಇಳಿಯೂ ಮುಂದ ಜಾಸ್ತಿ."

ಸೀಟಿನಲ್ಲಿ ಕೂತ ಮೇಲೆ ಕೇಳಿದೆ. "ಗೊತ್ತಿದ್ರ ಯಾಕ ಕೇಳಲಿಲ್ಲ?"

"ನೀ ನರ್ಸ. ನಿನಗ ನಾ ಏನು ಹೇಳೂದು."

"ಹುಡುಗರ ಕಾಲು ತೊಡಿ ಮ್ಯಾಲ ಇಟ್ಕೊಂಡು ತಿಕ್ಕತೀರಿ."

"ಅವು ಹೇಳಿದಂಗ ಕೇಳ್ತಾವ. ನೀ ಕೇಳ್ತೀಯೇನು?"

ಕಲಬುರಗಿಯಲ್ಲಿ ಬಸ್ಸು ಬದಲಿಸುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ನೋಡಿದ್ದರು, ಗೊತ್ತಿತ್ತು, ಸುಮ್ಮನಿದ್ದರು. ನೋಡಲೇ ಇಲ್ಲ ಎಂದುಕೊಂಡಿದ್ದಾಗಿನದಕ್ಕಿಂತ ಇದು ಹೆಚ್ಚು ಚುಚ್ಚಿತು.

ಜೇವರ್ಗಿಯ ಮೈದಾನದ ಒಂದು ಬದಿಗೆ ಬೇವಿನ ಗಿಡ, ಅದರ ಕೆಳಗೆ ಕಲ್ಲಿನ ಕಟ್ಟೆ. ಅಲ್ಲಿ ಕೂತೆವು. ಊಟದ ಚೀಲ ನಡುವೆ ಇಟ್ಟೆ. ಆಮೇಲೆ ಚೀಲ ತೆಗೆದು ಆ ಕಡೆ ಇಟ್ಟೆ. ಕಾಮರ್ಸ್ ಲೆಕ್ಚರರ್ ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಮೊಬೈಲ್ ನೋಡುತ್ತಿದ್ದರು.

ಆಟ ಶುರುವಾಯಿತು. ನಮ್ಮವರ ಕೈ ಎದೆಯ ಮೇಲೆ ಸೀಟಿ ಹುಡುಕಿತು, ಸಿಗಲಿಲ್ಲ, ಮೊಣಕಾಲ ಮೇಲೆ ಬಿತ್ತು. ಜೇವರ್ಗಿಯವರಲ್ಲಿ ಕೊಳಕೂರಿನ ಒಬ್ಬ ಕುಳ್ಳ ಹುಡುಗನಿದ್ದ. ಚೆಂಡು ಅವನ ಕಾಲಿಗೆ ಹೋದರೆ ಅವರ ಊರಿನವರೆಲ್ಲ ಎದ್ದು ನಿಲ್ಲುತ್ತಿದ್ದರು. ನಮ್ಮ ಕರಜಗಿಯ ಎಡಗಡೆಯವನು ಎಂದಿನಂತೆ ಮುಂದೆ ಓಡಿದ. ಅವನು ಬಿಟ್ಟುಹೋದ ಜಾಗದಿಂದ ಆ ಕುಳ್ಳ ಒಳಗೆ ನುಗ್ಗಿ ಗೋಲು ಹೊಡೆದ.

ನಮ್ಮವರ ಬಾಯಿ ತೆರೆಯಿತು. ನಾನು ನೋಡಿದೆ. ಬಾಯಿ ಮುಚ್ಚಿತು.

ಆಮೇಲೆ ಅವರು ನನ್ನ ಕಡೆ ಬಾಗಿ ಕಿವಿಯಲ್ಲಿ ಹೇಳತೊಡಗಿದರು. "ನೋಡು, ಅವ ಮುಂದ ಹೋದ. ಹಿಂದ ಯಾರಿಲ್ಲ. ಈಗ ಆ ಕುಳ್ಳ ಅಲ್ಲೇ ಬರ್ತಾನ. ಬಂದ, ನೋಡು. ನಮ್ಮ ಕ್ಯಾಪ್ಟನ್ ಚೆಂಡಿನ ಹಿಂದನ ನೋಡಾಕತ್ತಾನ, ಮನಶಾನ ನೋಡವಲ್ಲ." ಹುಡುಗರಿಗೆ ಹೇಳುವಂತಿಲ್ಲ, ಕೂಗುವಂತಿಲ್ಲ. ಹೇಳಲು ಉಳಿದವಳು ನಾನೊಬ್ಬಳೇ. ಒಂದೊಂದನ್ನೂ ಬಿಡಿಸಿ ಹೇಳಿದರು, ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟರು, ತಿಳಿಯದಿದ್ದರೆ ಕಟ್ಟೆಯ ಮೇಲೆ ಬೇವಿನ ಕಾಯಿ ಇಟ್ಟು ತೋರಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕಿವಿಗೆ ಇಷ್ಟು ಹತ್ತಿರ ಇಷ್ಟು ಮಾತು ಬಿದ್ದಿರಲಿಲ್ಲ. ವಾರ್ಡಿನಲ್ಲಿ ಯಾವ ಹಾಸಿಗೆಯವನು ಸುಮ್ಮನೆ ನರಳುತ್ತಾನೆ, ಯಾವನು ನಿಜಕ್ಕೂ ಕೆಡುತ್ತಿದ್ದಾನೆ ಎಂದು ನೋಡಿ ಹೇಳುವುದು ನನ್ನ ಕಸುಬಾಗಿತ್ತು. ಇದೂ ಹಾಗೆಯೇ ಇದೆ ಎಂದು ನಿಧಾನವಾಗಿ ಕಾಣತೊಡಗಿತು. ನನಗೆ ಹಿತವಾಗಿತ್ತು. ಆ ಮಾತಿನಲ್ಲಿ ಒಂದೂ ನನ್ನ ಕುರಿತಾಗಿರಲಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು.

ಅರ್ಧ ಆಟ ಮುಗಿದಾಗ ಹುಡುಗರು ನೀರಿಗೆ ನಮ್ಮ ಹತ್ತಿರ ಬಂದರು. ಎಲ್ಲರೂ ಸರ್ ಮುಖ ನೋಡಿದರು. ಸರ್ ಬೇವಿನ ಗಿಡದ ಕೊಂಬೆ ನೋಡಿದರು. ಮಾತು ಮಾತೇ.

ಗೋಲ್‌ಕೀಪರ್ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಖಾಲಾ, ಸರ ನಿಮ್ಮ ಸಂಗಟ ಮಾತಾಡಾಕತ್ತಿದ್ರು. ಏನಂದ್ರು?"

ನಾನು ಕೂಡಲೇ ಹೇಳಲಿಲ್ಲ. ಆ ಮಾತುಗಳು ನನ್ನ ಕಿವಿಯಲ್ಲಿ ಹೇಳಿದ್ದು. ಈಗ ಬಿಚ್ಚಿದರೆ ಅವೂ ಈ ಹುಡುಗರ ಪಾಲಾಗುತ್ತವೆ. ಆರು ದಿನ ಇವರದು, ಏಳನೆಯ ದಿನದ ಪಿಸುಮಾತೂ ಇವರಿಗೇ ಏಕೆ ಹೋಗಬೇಕು? ಇನ್ನೊಂದು ಕಡೆ, ಪಾಳಿ ಮುಗಿದಾಗ ಕಾಯಿಲೆಯವನ ಸ್ಥಿತಿಯನ್ನು ಮುಂದಿನವಳಿಗೆ ಹೇಳದೆ ಹೋಗುವ ನರ್ಸ್ ಇಲ್ಲ. ಆ ಮುಂದಿನವಳ ಮುಖ ಕಂಡರೆ ಆಗದಿದ್ದರೂ ಹೇಳಿಯೇ ಹೋಗಬೇಕು. ಕಲಿತದ್ದು ಸುಲಭಕ್ಕೆ ಬಿಡುವುದಿಲ್ಲ.

"ಎಡಗಡಿಯವ ಎಲ್ಲಿ?" ಎಂದೆ.

ಕರಜಗಿ ಹುಡುಗ ಬಂದು ನಿಂತ.

"ಓಡೂದು ಛಲೋ ಓಡ್ತಿ. ಆದ್ರ ನೀ ಬಿಟ್ಟ ಜಾಗಾದಾಗಿಂದನ ಅವರು ಬರಾಕತ್ತಾರ. ವಾರ್ಡ್ ಬಿಟ್ಟು ಹೋಗಬೇಕಾದ್ರ ಇನ್ನೊಬ್ಬರನ್ನ ನಿಲ್ಲಿಸಿ ಹೋಗಬೇಕು. ಖಾಲಿ ಬಿಟ್ಟು ಹೋಗಬಾರದು. ತಿಳೀತಿಲ್ಲೋ?"

"ತಿಳೀತ್ರಿ ಅಮ್ಮಾರ."

"ಯಾರು ನಿಲ್ಲಬೇಕ್ರಿ?" ಕ್ಯಾಪ್ಟನ್ ಕೇಳಿದ.

ನಾನು ನಮ್ಮವರ ಕಡೆ ನೋಡಿದೆ. ಅವರು ಇನ್ನೂ ಕೊಂಬೆಯಲ್ಲೇ ಇದ್ದರು. "ನೀನ ನಿಲ್ಲು," ಎಂದೆ. "ಮತ್ತ ಚೆಂಡು ನೋಡಬ್ಯಾಡ. ಆ ಕೊಳಕೂರ ಹುಡುಗನ್ನ ನೋಡು."

ಹುಡುಗರು ಓಡಿಹೋದ ಮೇಲೆ ನಮ್ಮವರು ಕಿವಿಯಲ್ಲಿ ಹೇಳಿದರು. "ಕ್ಯಾಪ್ಟನ್ನ ಅಲ್ಲ. ನಡುವಿನವನ್ನ ನಿಲ್ಲಸಬೇಕಿತ್ತು."

"ಆಗ ಹೇಳಾಕ ಏನಾಗಿತ್ತು?"

"ಮಾತಾಡಬ್ಯಾಡ ಅಂದಾಕಿ ನೀನ."

ಆದರೂ ಆ ಜಾಗ ತುಂಬಿತು. ಕುಳ್ಳ ಬಂದಾಗಲೆಲ್ಲ ಕ್ಯಾಪ್ಟನ್ ಎದುರಾದ. ಎರಡು ಸಲ ಡಿಕ್ಕಿ ಹೊಡೆದು ಇಬ್ಬರೂ ಬಿದ್ದರು. ಆಟ ಮುಗಿಯುತ್ತ ಬಂದಾಗ ನಮ್ಮ ಎಡಗಡೆಯವನು ತಿರುಗಿ ನೋಡಿದ, ಹಿಂದೆ ಆಳು ಇದ್ದಾನೆಂದು ಖಾತ್ರಿ ಮಾಡಿಕೊಂಡ, ಆಮೇಲೆ ಓಡಿದ. ಮೂಲೆಯಿಂದ ಒದ್ದ ಚೆಂಡು ಯಾರದೋ ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ಒಂದಕ್ಕೊಂದು ಸಮ.

ಅಷ್ಟರಲ್ಲಿ ನನ್ನ ಕೈ ನಮ್ಮವರ ಮಣಿಕಟ್ಟು ಹಿಡಿದಿತ್ತು. ಅವರು ಏಳದಂತೆ ಹಿಡಿದೆನೋ, ನಾನೇ ಏಳುವಾಗ ಹಿಡಿದುಕೊಂಡೆನೋ ಗೊತ್ತಿಲ್ಲ. ಬೆರಳು ಅಭ್ಯಾಸದಂತೆ ನಾಡಿಯ ಮೇಲೆ ಕೂತಿತ್ತು. ನಾಡಿ ಕುದುರೆಯಂತೆ ಓಡುತ್ತಿತ್ತು. ಅರವತ್ತು ದಾಟಿದ ಈ ಮನುಷ್ಯನ ನಾಡಿ ನನ್ನ ಸಲುವಾಗಿ ಎಂದಾದರೂ ಹೀಗೆ ಓಡಿತ್ತೇ ಎಂದು ಕೇಳಿಕೊಂಡೆ. ಓಡಿದ್ದರೂ ನಾನು ಆಗ ಡ್ಯೂಟಿಯಲ್ಲಿದ್ದೆ, ಹಿಡಿದು ನೋಡಿರಲಿಲ್ಲ.

ಪಂದ್ಯ ಸಮವಾಗಿಯೇ ಮುಗಿಯಿತು. ಹುಡುಗರಿಗೆ ಗೆದ್ದಷ್ಟೇ ಖುಷಿ. ರೊಟ್ಟಿಯ ಚೀಲ ಖಾಲಿ ಮಾಡಿ, ಕೈ ತೊಳೆದು, ಸಂಜೆಯ ಬಸ್ಸು ಹತ್ತಿದರು. ಕಾಮರ್ಸ್ ಲೆಕ್ಚರರ್ ಡ್ರೈವರ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಹುಡುಗರು ಹಿಂದಿನ ಸೀಟುಗಳಲ್ಲಿ ಗಲಾಟೆ ಹಚ್ಚಿದರು. ನಮ್ಮವರು ಎರಡು ಸಲ ಹೊರಳಿ ನೋಡಿದರು. ಮೂರನೆಯ ಸಲ ಎದ್ದೇಬಿಟ್ಟರು.

"ಎಲ್ಲಿಗಿ?"

"ಎರಡು ಮಾತು ಹೇಳಿ ಬರ್ತೇನಿ. ಬಿಸಿ ಇದ್ದಾಗ ಹೇಳಿದ್ರ ಹತ್ತತದ."

"ಸೋಮವಾರ ಇನ್ನ ಮುಗದಿಲ್ಲ."

ಹಿಂದಿನಿಂದ ಕ್ಯಾಪ್ಟನ್ ದನಿ ಬಂತು. "ಸರ, ನೊಗಾ ನಾವು ಹಾಕೂದಲ್ರಿ. ಹಾಕವ್ರು ಬ್ಯಾರೇನ ಅದಾರ."

ಬಸ್ಸಿನ ಹಿಂಭಾಗವೆಲ್ಲ ನಕ್ಕಿತು. ನನ್ನ ಆ ಒಂದು ಮಾತಿನಿಂದ ಹುಡುಗರಿಗೆ ನಿಜವಾದ ಕಾರಣ ತಿಳಿದುಹೋಗಿತ್ತು. ನಮ್ಮವರು ಕಿವಿ ಕೆಂಪಗೆ ಮಾಡಿಕೊಂಡು ಬಂದು ಕೂತರು. ಭೀಮೆಯ ಸೇತುವೆ ಬಂತು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವರು ಮೊಣಕಾಲ ಮೇಲೆ ಬೆರಳಿನಿಂದ ಏನೋ ಗೆರೆ ಎಳೆಯುತ್ತಿದ್ದರು. ಬಾಯಲ್ಲಿ ಮಾತು ತುಂಬಿಕೊಂಡು ಕೂತ ಮನುಷ್ಯನನ್ನು ಪಕ್ಕದಲ್ಲಿಟ್ಟುಕೊಂಡು ಏನು ಮಾಡುವುದು.

"ನಡುವಿನವನ್ನ ನಿಲ್ಲಸಬೇಕಿತ್ತು ಅಂದ್ರಲ್ಲ," ಎಂದೆ. "ಯಾಕ?"

ಅವರು ನನ್ನ ಕಡೆ ತಿರುಗಿದರು. ಖಾಲಿ ಡಬ್ಬಿಯ ಮುಚ್ಚಳ ತೆಗೆದುಕೊಂಡು, ಅದನ್ನೇ ಮೈದಾನ ಮಾಡಿ, ಶುರು ಮಾಡಿದರು. ದನಿ ಏರಿತು. ಸ್ವಲ್ಪ ಹೊತ್ತಿಗೆ ಎಡಗಡೆಯವನು ಬಂದು ನಮ್ಮ ಸೀಟಿನ ಕಂಬಿ ಹಿಡಿದು ನಿಂತ. ಅವನ ಹಿಂದೆ ಕ್ಯಾಪ್ಟನ್. ಗೋಲ್‌ಕೀಪರ್ ಬ್ಯಾಗಿನ ಮೇಲೆಯೇ ಕೂತ. ನೋಡುವಷ್ಟರಲ್ಲಿ ಅರ್ಧ ತಂಡ ನಮ್ಮ ಸೀಟಿನ ಸುತ್ತ ಇತ್ತು. ನಮ್ಮವರ ಮುಖ ನನ್ನಿಂದ ಹುಡುಗರ ಕಡೆಗೆ ತಿರುಗುತ್ತಿತ್ತು, ಸೂರ್ಯಕಾಂತಿ ತಿರುಗಿದಂತೆ, ಅವರಿಗೇ ತಿಳಿಯದಂತೆ.

"ನೀವೆಲ್ಲ ಹಿಂದ ಹೋಗ್ರಿ," ಎಂದೆ. "ನಾಳಿಗಿ ಕೇಳ್ರಿ."

"ಖಾಲಾ, ಜರಾ..."

"ನಾಳಿಗಿ."

ಒಬ್ಬೊಬ್ಬರಾಗಿ ಹೋದರು. ನಮ್ಮವರು ಮುಚ್ಚಳವನ್ನು ಮತ್ತೆ ನನ್ನ ಕಡೆ ಹಿಡಿದರು. ಆಮೇಲೆ ದನಿ ತಗ್ಗಿಸಿ, ನನ್ನ ಕಡೆ ಬಾಗಿ, ಬಿಟ್ಟಲ್ಲಿಂದ ಮುಂದುವರಿಸಿದರು. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ಕೇಳಿದೆ. ನಾಳೆ ಬೆಳಿಗ್ಗೆ ಮೈದಾನದಲ್ಲಿ ಇದೇ ಮಾತು ಆ ಹುಡುಗರಿಗೂ ಸಿಗುತ್ತದೆ. ಸಿಗಲಿ. ಒಂದು ದಿನ ತಡವಾಗಿ.